ಫ್ಯಾಕ್ಸು ಹೋಯಿತೇ?

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ಎರಡು ದಿನ ಯೋಚಿಸಿದೆ. ಗೆಳೆಯರಲ್ಲಿ ಒಬ್ಬನು ಮಳೆಯ ಮೇಲೆ ಬರೆಯುತ್ತಿದ್ದಾನೆ. ಇನ್ನೊಬ್ಬನು ಬೇಲೂರಿನ ಪ್ರವಾಸದ ಮೇಲೆ. ಮಳೆಯೆಂದರೆ ನನಗೆ ಸೋರುವ ಹೆಂಚು ನೆನಪಾಗುತ್ತದೆಯೇ ಹೊರತು ಮಾತು ಹೊರಡುವುದಿಲ್ಲ. ಪ್ರವಾಸಕ್ಕೆ ನಾನು ಹೋಗಲೇ ಇಲ್ಲ. ಕಡೆಗೆ, ಯಾವುದನ್ನು ಚೆನ್ನಾಗಿ ಬಲ್ಲೆನೋ ಅದನ್ನೇ ಬರೆಯುವುದು ಪ್ರಾಮಾಣಿಕತೆಯೆಂದು ತೀರ್ಮಾನಿಸಿದೆ. ನಾನು ಚೆನ್ನಾಗಿ ಬಲ್ಲದ್ದು ಒಂದೇ ವಸ್ತು. ಅದು ಫ್ಯಾಕ್ಸು.

ನಗಬೇಡಿ. ಫ್ಯಾಕ್ಸು ಸತ್ತುಹೋಯಿತೆಂದು ನೀವು ತಿಳಿದಿರಬಹುದು. ತಂತಿಯೇನೋ ನಿಜವಾಗಿಯೂ ಸತ್ತಿತು. ನಮ್ಮ ದೇಶದ ತಂತಿ ಸೇವೆಯನ್ನು 2013ರ ಜುಲೈಯಲ್ಲಿ ಮುಚ್ಚಿದರು. ಆದರೆ ಫ್ಯಾಕ್ಸು ಹಾಗಲ್ಲ. ಅದು ನಮ್ಮ ಹಳ್ಳಿಯ ಕೆಲವು ಹಿರಿಯರಂತೆ. ಎಲ್ಲರೂ ಮರೆತ ಮೇಲೂ ಜಗುಲಿಯ ಮೂಲೆಯಲ್ಲಿ ಕುಳಿತೇ ಇರುತ್ತದೆ. ದೊಡ್ಡ ಆಫೀಸುಗಳಲ್ಲಿ ನಕಲು ತೆಗೆಯುವ, ಅಚ್ಚು ಮಾಡುವ, ಸ್ಕ್ಯಾನ್ ಮಾಡುವ ಮೆಷೀನೊಂದಿರುತ್ತದಷ್ಟೆ. ಅದರ ಹೊಟ್ಟೆಯೊಳಗೆ ಎಷ್ಟೋ ವೇಳೆ ಫ್ಯಾಕ್ಸೂ ಇರುತ್ತದೆ. ಯಾರೂ ಮುಟ್ಟದ ಒಂದು ಗುಂಡಿ, ಯಾರೂ ಸಿಕ್ಕಿಸದ ಒಂದು ತಂತಿ. ಎಂದೋ ಒಂದು ದಿನ, ಅದೂ ಬಹಳ ಅವಸರದ ದಿನ, ಅದರ ಅಗತ್ಯ ಬೀಳುತ್ತದೆ. ಆ ದಿನವೇ ಅದು ಕೈಕೊಡುತ್ತದೆ.

ಇದು ನನ್ನೊಬ್ಬನ ಅನುಭವವೂ ಅಲ್ಲ. 2018ರ ನವೆಂಬರ್ 21ರಂದು ಜಮ್ಮು ಕಾಶ್ಮೀರದಲ್ಲಿ ಮೆಹಬೂಬಾ ಮುಫ್ತಿಯವರು ಸರ್ಕಾರ ರಚಿಸಲು ಹಕ್ಕು ಮಂಡಿಸಿ ಬರೆದ ಪತ್ರವು ರಾಜಭವನದ ಫ್ಯಾಕ್ಸಿಗೆ ಹೋಗಲೊಲ್ಲದೆಂದು ಹೇಳಿದರು. ಅಂದೇ ವಿಧಾನಸಭೆ ವಿಸರ್ಜನೆಯಾಯಿತು. ಹಬ್ಬದ ರಜೆಯಾದುದರಿಂದ ಮೆಷೀನಿನ ಬಳಿ ಯಾರೂ ಇರಲಿಲ್ಲವೆಂದು ಆಗಿನ ರಾಜ್ಯಪಾಲರು ತಿಳಿಸಿದರು. ಇದರಲ್ಲಿ ಸರಿ ತಪ್ಪುಗಳ ವಿಚಾರವನ್ನು ರಾಜ್ಯಶಾಸ್ತ್ರದ ಅಧ್ಯಾಪಕರಿಗೆ ಬಿಡುತ್ತೇನೆ. ಫ್ಯಾಕ್ಸು ಹೋಗದಿರುವುದು ಸಣ್ಣ ವಿಷಯವಲ್ಲವೆಂಬುದಷ್ಟೇ ನನ್ನ ವಾದ.

ನನಗೂ ಈ ಪೆಟ್ಟಿಗೆಗೂ ಗಂಟು ಬಿದ್ದುದು ಹೀಗೆ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಬಾಗಿಲು ದಾಟಿದವನು ನಾನೇ ಮೊದಲಿಗ. ನಮ್ಮಪ್ಪ ಕಬ್ಬು ಕಡಿಯುವ ಕೂಲಿ, ಹೆಬ್ಬೆಟ್ಟಿನವರು. ಕಾಲೇಜಿಗೆ ಸೇರಿದ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸಂಜೆ ಕೆಲಸಕ್ಕೆ ನಿಂತೆ. ಅಲ್ಲಿ ಒಂದು ಹಳೆಯ ಪುಟ್ಟ ಫ್ಯಾಕ್ಸ್ ಮೆಷೀನಿತ್ತು. ಮುಂದಿನ ವರ್ಷ ಒಬ್ಬ ವಕೀಲರ ಆಫೀಸಿಗೆ ಸೇರಿದೆ. ಅಲ್ಲಿ ದೊಡ್ಡ ಮೆಷೀನಿತ್ತು. ‘ಹುಡುಗನಿಗೆ ಮೆಷೀನು ಗೊತ್ತು’ ಎಂಬ ಕೀರ್ತಿ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿತ್ತು. ಹೊಗಳಿಕೆಯನ್ನು ಅಲ್ಲಗಳೆಯುವಷ್ಟು ಧೈರ್ಯ ನನಗೆ ಇರಲಿಲ್ಲ.

2024ರ ಫೆಬ್ರವರಿಯ ಒಂದು ಮಧ್ಯಾಹ್ನ. ವಕೀಲರು ಹೈಕೋರ್ಟಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ಗುಮಾಸ್ತೆಯವರು ನೆಂಟರ ಮದುವೆಗೆ ಹೋಗಿದ್ದರು. ಆಫೀಸಿನಲ್ಲಿ ನಾನು ಮತ್ತು ಮೆಷೀನು, ಇಬ್ಬರೇ. ಆಗ ಪಕ್ಕದ ಹಳ್ಳಿಯ ಒಬ್ಬ ಅವ್ವ ಬಂದಳು. ಅವಳ ಗಂಡ ಹೊರರಾಜ್ಯದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದಿದ್ದನು. ಕಾರ್ಖಾನೆ ಮುಚ್ಚಿತು, ಕೆಲವು ವರ್ಷಗಳ ಮೇಲೆ ಅವನೂ ತೀರಿಕೊಂಡನು. ಈಗ, ಬಾಕಿ ಬರಬೇಕಾದ ಕೆಲಸಗಾರರು ಅರ್ಜಿ ಹಾಕಿಕೊಳ್ಳಬೇಕೆಂದು ಅಲ್ಲಿನ ಕಚೇರಿಯೊಂದರಿಂದ ನೋಟೀಸು ಬಂದಿತ್ತು. ಅದು ಹಳೆಯ ವಿಳಾಸಗಳನ್ನೆಲ್ಲ ಸುತ್ತಿ ಅವಳ ಕೈಸೇರುವ ಹೊತ್ತಿಗೆ ಉಳಿದಿದ್ದುದು ಮೂರೇ ದಿನ. ವಕೀಲರು ಅರ್ಜಿ ಬರೆದು, ಅವಳಿಂದ ಹೆಬ್ಬೆಟ್ಟು ಒತ್ತಿಸಲು ನನಗೆ ಹೇಳಿ ಹೋಗಿದ್ದರು. ಅಂದೇ ಕಡೆಯ ದಿನ. ಸಂಜೆ 5 ಗಂಟೆಯೊಳಗೆ ಖುದ್ದಾಗಿಯೋ, ಅಂಚೆಯಲ್ಲಿಯೋ, ಫ್ಯಾಕ್ಸಿನಲ್ಲಿಯೋ ತಲುಪಬೇಕೆಂದು ನೋಟೀಸಿನಲ್ಲಿತ್ತು. ಕೆಳಗೆ ಒಂದು ಮಿಂಚಂಚೆಯ ವಿಳಾಸವೂ ಇತ್ತು. ಅದಕ್ಕೆ ಬೆಳಿಗ್ಗೆ ಕಳುಹಿಸಿದ ಕಾಗದವು ‘ಪೆಟ್ಟಿಗೆ ತುಂಬಿದೆ’ ಎಂಬ ಉತ್ತರದೊಡನೆ ಹಿಂದಿರುಗಿತ್ತು. ಉಳಿದುದು ಫ್ಯಾಕ್ಸು.

ಅರ್ಜಿ, ಮರಣಪತ್ರ, ವಂಶವೃಕ್ಷ, ಕಾರ್ಖಾನೆಯ ಗುರುತಿನ ಚೀಟಿಯ ನಕಲು, ಬ್ಯಾಂಕಿನ ಪಾಸ್‌ಬುಕ್ಕಿನ ಪುಟ. ಒಟ್ಟು ಐದು ಹಾಳೆ. ಮೂರು ಗಂಟೆಗೆ ಹಾಳೆಗಳನ್ನು ಮೆಷೀನಿನ ನೆತ್ತಿಯ ಮೇಲಿನ ತಟ್ಟೆಯಲ್ಲಿಟ್ಟು, ಸಂಖ್ಯೆ ಒತ್ತಿ, ಹಸಿರು ಗುಂಡಿ ಅದುಮಿದೆ. ಏನೂ ಆಗಲಿಲ್ಲ. ಲೈನು ಇಲ್ಲವೆಂದು ಮೆಷೀನು ಬರೆದು ತೋರಿಸಿತು.

ಇಂಥ ಸಮಯದಲ್ಲಿ ಮೊದಲು ಮೆಷೀನಿನ ಬೆನ್ನು ನೋಡಬೇಕು. ಅಲ್ಲಿ ಒಂದೇ ತೆರನಾದ ಎರಡು ತೂತುಗಳಿರುತ್ತವೆ. ಒಂದು ಗೋಡೆಯ ಟೆಲಿಫೋನು ಲೈನಿಗೆ. ಇನ್ನೊಂದು ಪಕ್ಕದಲ್ಲಿ ಬೇರೊಂದು ಫೋನು ಇಟ್ಟುಕೊಳ್ಳುವುದಕ್ಕೆ. ಕಸ ಗುಡಿಸುವಾಗ ತಂತಿ ಕಳಚಿದರೆ, ಮತ್ತೆ ಸಿಕ್ಕಿಸುವವರು ಕೈಗೆ ಸಿಕ್ಕ ತೂತಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಆಗಿತ್ತು. ಬದಲಾಯಿಸಿದೆ. ಗೋಡೆಯ ಲೈನಿಗೆ ಸಾದಾ ಫೋನೊಂದನ್ನು ಸಿಕ್ಕಿಸಿ ಕಿವಿಗಿಟ್ಟು, ಗುಂಯ್ ಎಂಬ ಶಬ್ದವಿದೆಯೇ ಎಂದು ಕೇಳಿದೆ. ಇತ್ತು. ಜೀವ ಬಂತು.

ಎರಡನೆಯ ಸಲ ಸಂಖ್ಯೆ ಹೋಯಿತು, ಆದರೆ ತಪ್ಪು ಸಂಖ್ಯೆಯೆಂಬ ಹೆಂಗಸಿನ ಧ್ವನಿ ಕೇಳಿತು. ನಮ್ಮ ಕಟ್ಟಡದ ಆಫೀಸುಗಳಿಗೆಲ್ಲ ಸೇರಿ ಒಂದು ಪುಟ್ಟ ಎಕ್ಸ್‌ಚೇಂಜಿದೆ. ಹೊರಗಿನ ಲೈನು ಬೇಕಾದರೆ ಮೊದಲು ಒಂದು ಸೊನ್ನೆ ಒತ್ತಬೇಕು. ದೂರದ ಊರಿಗಾದರೆ ಆ ಊರಿನ ಸಂಖ್ಯೆಗೇ ಸೇರಿದ ಸೊನ್ನೆ ಮತ್ತೊಂದು. ಮನುಷ್ಯನಾದರೆ ಮೊದಲ ಸೊನ್ನೆ ಒತ್ತಿ, ಹೊರಗಿನ ಲೈನಿನ ಶಬ್ದ ಕೇಳಿಸುವವರೆಗೆ ಕಾಯುತ್ತಾನೆ. ಮೆಷೀನು ಕಾಯುವುದಿಲ್ಲ. ಲೈನು ಸಿಗುವ ಮೊದಲೇ ಗಡಗಡನೆ ಎಲ್ಲ ಅಂಕಿಗಳನ್ನೂ ಒದರಿಬಿಡುತ್ತದೆ. ಮೊದಲ ಒಂದೆರಡು ಗಾಳಿಗೆ ಹೋಗುತ್ತವೆ. ಅದಕ್ಕಾಗಿ ಮೊದಲ ಸೊನ್ನೆಯಾದ ಮೇಲೆ ‘ಪಾಸ್’ ಎಂಬ ಗುಂಡಿ ಒತ್ತಿ ಒಂದು ವಿರಾಮ ಕೊಡಬೇಕು. ತರಗತಿಯಲ್ಲಿ ಪದ್ಯ ಓದುವಾಗ ಯತಿ ತಪ್ಪಿದರೆ ಅರ್ಥ ಕೆಡುತ್ತದೆಂದು ನಮ್ಮ ಅಧ್ಯಾಪಕರು ಎಷ್ಟೋ ಸಲ ಹೇಳಿದ್ದರು. ಟೆಲಿಫೋನು ಸಂಖ್ಯೆಗೂ ಯತಿಯುಂಟೆಂದು ನಾನು ಅಂದು ತಿಳಿದೆ.

ಮೂರನೆಯ ಸಲ ಆ ಕಡೆ ಗಂಟೆ ಬಡಿಯಿತು; ಯಾರೋ ಎತ್ತಿ ‘ಹಲೋ’ ಎಂದರು. ಫ್ಯಾಕ್ಸಿಗೆ ಬೇಕಾದುದು ಹಲೋ ಅಲ್ಲ. ಕಳುಹಿಸುವ ಮೆಷೀನು ಮೂರು ಸೆಕೆಂಡಿಗೊಮ್ಮೆ ‘ಪೀ’ ಎಂದು ಚುಟುಕಾಗಿ ಕೂಗುತ್ತಿರುತ್ತದೆ. ಅದು 1100 ಹರ್ಟ್ಸ್ ಸ್ವರ. ಸ್ವೀಕರಿಸುವ ಮೆಷೀನು 2100 ಹರ್ಟ್ಸಿನ ಉದ್ದನೆಯ ಸ್ವರದಲ್ಲಿ ಓಗೊಡಬೇಕು. ಮನುಷ್ಯನ ಗಂಟಲು ನಡುವೆ ಬಂದರೆ ಎರಡಕ್ಕೂ ಗಾಬರಿ. ನಾನು ರಿಸೀವರೆತ್ತಿ, ನನಗೆ ಬರುವ ಹಿಂದಿಯಲ್ಲಿ ‘ಫ್ಯಾಕ್ಸ್ ಟೋನ್ ದೀಜಿಯೇ’ ಎಂದೆ. ಆತನು ಏನೋ ಗೊಣಗಿಕೊಂಡು ಗುಂಡಿ ಒತ್ತಿದನು. ಕೀರಲು ಧ್ವನಿ ಕೇಳಿಸಿತು. ಅಷ್ಟು ಕರ್ಕಶವಾದ ಧ್ವನಿ ಅಷ್ಟು ಇಂಪಾಗಿ ನನಗೆಂದೂ ಕೇಳಿಸಿರಲಿಲ್ಲ.

ಆದರೆ ಆ ಸಂತೋಷವೂ ನಿಲ್ಲಲಿಲ್ಲ. ಎರಡು ಮೆಷೀನುಗಳೂ ಅರ್ಧ ನಿಮಿಷ ಕಿರುಚಾಡಿ, ಸಂಪರ್ಕದೋಷವೆಂದು ಹೇಳಿ ಸುಮ್ಮನಾದವು. ಮತ್ತೊಮ್ಮೆ ಪ್ರಯತ್ನಿಸಿದೆ, ಅದೇ ಕತೆ. ಗಂಟೆ ಮೂರೂ ಮುಕ್ಕಾಲು. ಬೆಂಚಿನ ಮೇಲೆ ಕುಳಿತಿದ್ದ ಅವ್ವ ಕೇಳಿದಳು:

“ಏನ್ ಮಗ, ಆ ಪೆಟ್ಗೆ ನಿನ್ ಮಾತ್ ಕೇಳಾಕಿಲ್ವಾ?”

“ಕೇಳ್ತದೆ ಇರವ್ವ. ಆ ಕಡೆಯೋರ ಹತ್ರ ಮಾತಾಡ್ತಾ ಅದೆ.”

“ಜಗಳ ಆಡ್ದಂಗಿತ್ತಲ್ಲಪ್ಪ.”

ಅವಳು ಹೇಳಿದುದು ತಾಂತ್ರಿಕವಾಗಿಯೂ ಸರಿಯಾಗಿತ್ತೆಂದು ಆಮೇಲೆ ತಿಳಿಯಿತು. ಫ್ಯಾಕ್ಸುಗಳು ಮಾತು ಆರಂಭಿಸುವಾಗ ಮೊದಲು ವೇಗದ ಚೌಕಾಸಿ ಮಾಡುತ್ತವೆ. ಹೊಸ ಮೆಷೀನು ಸೆಕೆಂಡಿಗೆ 33,600 ಬಿಟ್ಟುಗಳೆನ್ನುತ್ತದೆ, ಆಗದಿದ್ದರೆ 14,400, ಅದೂ ಆಗದಿದ್ದರೆ 9,600, ಹೀಗೆ ಇಳಿಯುತ್ತ ಹೋಗುತ್ತವೆ. ಹಳೆಯ ತಾಮ್ರದ ತಂತಿಯಲ್ಲಿ ಈ ಕೂಗಾಟ ಇದ್ದ ಹಾಗೆಯೇ ಹೋಗುತ್ತಿತ್ತು. ನಮ್ಮ ಆಫೀಸಿನ ಲೈನನ್ನು ಅದರ ಹಿಂದಿನ ತಿಂಗಳಷ್ಟೇ ಫೈಬರಿಗೆ ಬದಲಾಯಿಸಿದ್ದರು. ಫೈಬರಿನಲ್ಲಿ ಧ್ವನಿಯನ್ನು ಚೂರುಚೂರು ಮಾಡಿ, ಪೊಟ್ಟಣ ಕಟ್ಟಿ ಕಳುಹಿಸುತ್ತಾರೆ. ಒಂದು ಪೊಟ್ಟಣ ತಡವಾದರೆ, ಇನ್ನೊಂದು ಕಳೆದುಹೋದರೆ, ಮಾತಾಡುವ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಫ್ಯಾಕ್ಸಿಗೆ ಮಾತ್ರ ಅದು ದೊಡ್ಡ ಪೆಟ್ಟು. ಮೆಷೀನು ರಿಪೇರಿಗೆ ಬರುವ ಅಣ್ಣನಿಗೆ ಫೋನು ಮಾಡಿದೆ. ಅವನು ಇದನ್ನೆಲ್ಲ ಎರಡು ಮಾತಿನಲ್ಲಿ ಹೇಳಿ, “ಸೆಟ್ಟಿಂಗಿಗೆ ಹೋಗಿ ವೇಗವನ್ನ 9,600ಕ್ಕೆ ಇಳಿಸಪ್ಪ. ಓಡೋದು ಬ್ಯಾಡ, ನಡ್ಕೊಂಡ್ ಹೋಗ್ಲಿ” ಎಂದನು. ತಪ್ಪು ತಿದ್ದುವ ವ್ಯವಸ್ಥೆಯೊಂದಿದೆ. ಹಾಳೆಯನ್ನು ತುಂಡುತುಂಡಾಗಿ ಕಳುಹಿಸಿ, ಕೆಟ್ಟ ತುಂಡನ್ನು ಮತ್ತೆ ಕಳುಹಿಸುತ್ತದೆ. ಅದನ್ನು ಆರಿಸಿದರೆ ಕೆಟ್ಟ ಲೈನಿನಲ್ಲಿಯೂ ಹಾಳೆ ಹೇಗೋ ಹೋಗುತ್ತದಂತೆ. ಆದರೆ ಗೆರೆ ಬಿದ್ದು ಒಂದು ಅಂಕಿ ಅಳಿಸಿಹೋದರೆ? ಅದು ಅವ್ವನ ಬ್ಯಾಂಕಿನ ಖಾತೆಯ ಅಂಕಿ. ನಾನು ಅದನ್ನು ಮುಟ್ಟಲಿಲ್ಲ.

ವೇಗ ಇಳಿಸಿ, ಹಾಳೆಗಳನ್ನು ಜೋಡಿಸಿ, ಮತ್ತೆ ಗುಂಡಿ ಒತ್ತಿದೆ. ಈ ಸಲ ಹಾಳೆಗಳು ಒಂದೊಂದಾಗಿ ಸರಸರನೆ ಒಳಗೆ ಸರಿದವು. ನಿಮಿಷದೊಳಗೆ ಐದೂ ಹೋದವು! ವೇಗ ಇಳಿಸಿದ್ದರೂ ಇಷ್ಟು ಬೇಗ ಹೋಯಿತಲ್ಲ ಎಂದು ಹೆಮ್ಮೆಪಟ್ಟೆ. ವರದಿಯ ಹಾಳೆ ಹೊರಬಂತು. ಅದರಲ್ಲಿ ತಾರೀಕು, ವೇಳೆ, ಪುಟಗಳು ಐದು, ಕಡೆಯಲ್ಲಿ ದಪ್ಪಕ್ಷರದ ‘ಓಕೆ’.

“ಓಯ್ತಾ ಮಗ?”

“ಹೋಯ್ತು ಕಣವ್ವ.”

ಅವಳು ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಡಲು ಬಂದಳು. ಬೇಡವೆಂದೆ. ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು, ನಾಲ್ಕೂವರೆಯ ಬಸ್ಸಿಗೆಂದು ಹೊರಟಳು. ನಾನು ವರದಿಯನ್ನು ಫೈಲಿಗೆ ಸೇರಿಸಲು ಹೋದೆ. ಗಂಟೆ ನಾಲ್ಕೂ ಇಪ್ಪತ್ತು.

ಈ ಮೆಷೀನುಗಳ ವರದಿಯಲ್ಲಿ ಮೊದಲ ಪುಟದ ಪುಟ್ಟ ಚಿತ್ರವೊಂದನ್ನು ಅಚ್ಚು ಮಾಡುವುದುಂಟು. ನಮ್ಮ ವರದಿಯಲ್ಲಿ ಆ ಚಿತ್ರದ ಚೌಕಟ್ಟು ಖಾಲಿಯಾಗಿತ್ತು. ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಲು ನಡುಗಿತು.

ಜೆರಾಕ್ಸ್ ಅಂಗಡಿಯ ಹಳೆಯ ಫ್ಯಾಕ್ಸಿಗೆ ಹಾಳೆಯನ್ನು ಬೋರಲಾಗಿ ಇಡಬೇಕಾಗಿತ್ತು. ವಕೀಲರ ಆಫೀಸಿನಲ್ಲಿ ನಕಲು ತೆಗೆಯುವಾಗಲೂ, ಕಾಗದಗಳು ಹೊಲಿದ ಕಟ್ಟುಗಳಾದುದರಿಂದ, ಗಾಜಿನ ಮೇಲೆ ಬೋರಲಾಗಿಯೇ ಇಡುತ್ತಿದ್ದೆ. ಆದರೆ ಈ ದೊಡ್ಡ ಮೆಷೀನಿನ ಮೇಲಿನ ತಟ್ಟೆಗೆ ಹಾಳೆಯನ್ನು ಅಂಗಾತ, ಬರೆದ ಮುಖ ಮೇಲೆ ಬರುವಂತೆ ಇಡಬೇಕು. ತಟ್ಟೆಯ ಮೇಲೆ ಅದರ ಚಿತ್ರವೇ ಇದೆ. ನಾನು ನೋಡಿರಲಿಲ್ಲ. ಅವ್ವನ ಹದಿನೆಂಟು ವರ್ಷದ ಲೆಕ್ಕಕ್ಕೆ ಬದಲಾಗಿ ಐದು ಬಿಳಿಯ ಹಾಳೆಗಳನ್ನು ಕಳುಹಿಸಿದ್ದೆ.

ಅಷ್ಟು ಬೇಗ ಹೋದುದೇಕೆಂಬುದೂ ಆಗ ಹೊಳೆಯಿತು. ಫ್ಯಾಕ್ಸು ಹಾಳೆಯನ್ನು ಗೆರೆಗೆರೆಯಾಗಿ ಓದುತ್ತದೆ. ಒಂದು ಗೆರೆಗೆ 1728 ಚುಕ್ಕೆ. ಪ್ರತಿ ಚುಕ್ಕೆಯನ್ನೂ ಹೇಳುವುದಿಲ್ಲ. ‘ಇಷ್ಟು ಬಿಳಿ, ಇಷ್ಟು ಕಪ್ಪು, ಮತ್ತೆ ಇಷ್ಟು ಬಿಳಿ’ ಎಂದು ಒಟ್ಟು ಮಾಡಿ ಹೇಳುತ್ತದೆ. ಅಕ್ಷರಗಳು ಹೆಚ್ಚಿದಷ್ಟೂ ಹೇಳುವುದು ಹೆಚ್ಚು. ಏನೂ ಇಲ್ಲದ ಹಾಳೆಯ ವಿಷಯದಲ್ಲಿ ಹೇಳುವುದೇನಿದೆ? ಖಾಲಿ ಹಾಳೆ ಕ್ಷಣದಲ್ಲಿ ಹೋಗುತ್ತದೆ. ಪರೀಕ್ಷೆಯ ಹಾಲಿನಿಂದ ಎಲ್ಲರಿಗಿಂತ ಮೊದಲು ಎದ್ದುಹೋಗುವವನು ಯಾರೆಂದು ನಮಗೆಲ್ಲ ಗೊತ್ತಷ್ಟೆ. ಆ ವೇಗವೇ ನನ್ನನ್ನು ಎಚ್ಚರಿಸಬೇಕಾಗಿತ್ತು. ನಾನು ಅದನ್ನು ನನ್ನ ಜಾಣತನವೆಂದು ತಿಳಿದೆ.

ಹೆಬ್ಬೆಟ್ಟು ಒತ್ತಿದ ಅರ್ಜಿ ಒಂದೇ ಒಂದು. ಅದು ಅವಳ ಚೀಲದಲ್ಲಿತ್ತು. ನಕಲು ತೆಗೆಯುವ ಮೆಷೀನಿನ ಎದುರಿಗೇ ನಿಂತು ನಕಲಿಟ್ಟುಕೊಳ್ಳದವನನ್ನು ಏನೆನ್ನಬೇಕೋ ತಿಳಿಯದು. ಆಫೀಸಿನ ಬಾಗಿಲನ್ನೂ ಹಾಕದೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರು ಆಗಲೇ ಹತ್ತಿ ಕುಳಿತಿದ್ದನು. ಮೂರನೆಯ ಸೀಟಿನಲ್ಲಿ ಕಿಟಕಿಯ ಪಕ್ಕ ಅವ್ವ ಕುಳಿತಿದ್ದಳು.

“ಯಾಕ್ ಮಗ, ಇಂಗ್ ಓಡ್ ಬಂದೆ?”

ಸುಳ್ಳು ಹೇಳಬಹುದಾಗಿತ್ತು. ಲೈನು ಕೆಟ್ಟಿತೆಂದರೆ ನಂಬುತ್ತಿದ್ದಳು. ಮೆಷೀನಿನ ಮೇಲೆ ಹಾಕಿದ ತಪ್ಪಿಗೆ ಸಾಕ್ಷಿ ಕೇಳುವವರಾರು? ಆದರೆ ಏದುಸಿರಿನಲ್ಲಿ ಸುಳ್ಳು ಕಟ್ಟುವುದು ಕಷ್ಟ. “ನಾನು ಕಾಗ್ದ ತಿರುಗಿಸಿ ಇಟ್ಬುಟ್ಟಿದ್ದೆ ಕಣವ್ವ. ಬರೀ ಹಾಳೆ ಹೋಗದೆ. ತಪ್ಪು ನಂದು” ಎಂದೆ.

ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಚೀಲ ಎತ್ತಿಕೊಂಡು, “ಅಂಗಾದ್ರೆ ನಡಿ ಮಗ, ಇನ್ನೊಂದ್ ದಪ ಆಕುವ. ಬಸ್ಸು ಇನ್ನೊಂದ್ ಬತ್ತದೆ” ಎಂದು ಇಳಿದೇಬಿಟ್ಟಳು.

ನಾಲ್ಕೂ ನಲವತ್ತೈದಕ್ಕೆ ಮತ್ತೆ ಮೆಷೀನಿನ ಮುಂದೆ ನಿಂತೆವು. ಹಾಳೆಗಳನ್ನು ಅಂಗಾತ ಇಟ್ಟೆ. ಅಂಕಿಗಳು ಸಣ್ಣವಾದುದರಿಂದ ‘ಫೈನ್’ ಎಂಬುದನ್ನು ಆರಿಸಿದೆ. ಆಗ ಮಿಲಿಮೀಟರಿಗೆ ನಾಲ್ಕಕ್ಕೆ ಬದಲಾಗಿ ಸುಮಾರು ಎಂಟು ಗೆರೆಗಳನ್ನು ಓದುತ್ತದೆ. ಸೊನ್ನೆ, ವಿರಾಮ, ಸಂಖ್ಯೆ. ಗಂಟೆ ಬಡಿಯಿತು. ಹಲೋ. ಟೋನ್ ದೀಜಿಯೇ. ಕಿರುಚಾಟ. ಮೊದಲ ಹಾಳೆ ಒಳಗೆ ಸರಿಯಿತು. ಈ ಸಲ ಎಷ್ಟು ನಿಧಾನ! ಐದು ಹಾಳೆಗಳಿಗೆ ನಾಲ್ಕು ನಿಮಿಷಕ್ಕೂ ಮೇಲಾಯಿತು. ಅವ್ವ ಮೆಷೀನಿನ ಮೇಲೆ ಕೈಯಿಟ್ಟುಕೊಂಡು, ಹಸುವಿನ ಬೆನ್ನು ಸವರುವಂತೆ ಸವರುತ್ತಿದ್ದಳು. ‘ಓಕೆ’ ಬಂತು. ಚೌಕಟ್ಟಿನಲ್ಲಿ ಅರ್ಜಿಯ ಪುಟ್ಟ ಚಿತ್ರವಿತ್ತು. ಕೆಳಗೆ ಕಪ್ಪು ಚುಕ್ಕೆಯಂತೆ ಅವಳ ಹೆಬ್ಬೆಟ್ಟು.

ಆದರೆ ‘ಓಕೆ’ಯ ಮೇಲೆ ನನಗಿದ್ದ ನಂಬಿಕೆ ಆಗಲೇ ಹೋಗಿತ್ತು. ಆ ಕಚೇರಿಗೆ ಫೋನು ಮಾಡಿದೆ. ಅದೇ ಗುಮಾಸ್ತೆ. “ಮೊದಲು ಐದು ಖಾಲಿ ಹಾಳೆ ಬಂದಿತ್ತು, ಈಗ ಅಕ್ಷರ ಬಂದಿದೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕನು. ಕಡೆಯ ಪುಟದ ಖಾತೆಯ ಸಂಖ್ಯೆಯನ್ನು ದಯವಿಟ್ಟು ಓದಿ ಎಂದೆ. ಓದಿದನು. ಒಂದೊಂದು ಅಂಕಿಗೂ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು ನೋಡಿದೆ. ಸರಿಯಾಗಿತ್ತು. ಐದಕ್ಕೆ ಆರು ನಿಮಿಷವಿತ್ತು.

ಮಾರನೆಯ ದಿನ ವಕೀಲರಿಗೆ ನಡೆದುದೆಲ್ಲವನ್ನೂ ಹೇಳಿದೆ. ಅವರು ಎರಡು ವರದಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. “ಎರಡೂ ಓಕೆ ಅನ್ನತ್ತಲ್ಲಯ್ಯ” ಎಂದಷ್ಟೇ ಹೇಳಿ, ಎರಡನ್ನೂ ಫೈಲಿಗೆ ಸೇರಿಸಿದರು. ಏಳು ತಿಂಗಳ ಮೇಲೆ, ಅರ್ಜಿಯನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆಯೆಂಬ ಕಾಗದ ಬಂತು. ಹಣ ಇನ್ನೂ ಬಂದಿಲ್ಲ. ಅವ್ವ ಸಂತೆಗೆ ಬಂದಾಗ ಆಫೀಸಿಗೆ ಇಣುಕಿ, ಮೆಷೀನಿನ ಕಡೆ ನೋಡಿ, “ಏನಾರಾ ಏಳ್ತಾ?” ಎಂದು ಕೇಳಿ ಹೋಗುತ್ತಾಳೆ.

ಬಿಡುವಿನಲ್ಲಿ ನಮ್ಮ ಗ್ರಂಥಾಲಯದಲ್ಲಿ ಕುಳಿತು ಫ್ಯಾಕ್ಸಿನ ಚರಿತ್ರೆಯನ್ನು ಹುಡುಕಿದೆ. ಅದು ಟೆಲಿಫೋನಿಗಿಂತ ಹಿರಿಯದಂತೆ! ಅಲೆಕ್ಸಾಂಡರ್ ಬೇನ್ ಎಂಬ ಸ್ಕಾಟ್‌ಲೆಂಡಿನ ಗಡಿಯಾರದ ಕೆಲಸಗಾರನು 1843ರಲ್ಲಿಯೇ ಇದರ ಮೂಲ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಬೆಲ್ಲನ ಟೆಲಿಫೋನಿನ ಹಕ್ಕುಪತ್ರ 1876ರದು. ನಮ್ಮ ಆಫೀಸಿನ ಫ್ಯಾಕ್ಸು ಆಡುವ ಭಾಷೆಯನ್ನು ಲೋಕವೆಲ್ಲ ಒಪ್ಪಿ ಗೊತ್ತುಮಾಡಿದುದು 1980ರಲ್ಲಿ. ಬೇರೆ ಬೇರೆ ದೇಶದ ಮೆಷೀನುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಮಾಡಲು ಇಷ್ಟು ಜನ ಇಷ್ಟು ವರ್ಷ ದುಡಿದಿದ್ದಾರೆ. ಅಷ್ಟಾದರೂ ಅವುಗಳ ‘ಓಕೆ’ಗೆ ಇರುವ ಅರ್ಥ ಇಷ್ಟೆ: ನೀನು ಕೊಟ್ಟುದನ್ನು ಅವನಿಗೆ ಮುಟ್ಟಿಸಿದೆ. ಕೊಟ್ಟುದರಲ್ಲಿ ಏನಾದರೂ ಇತ್ತೇ ಎಂಬುದು ಅದರ ಕೆಲಸವಲ್ಲ.

ಕಡೆಯದಾಗಿ ಒಂದು ಸಣ್ಣ ಮಾತು. ನಾನು ಚಿಕ್ಕವನಾಗಿದ್ದಾಗ ನಮ್ಮಪ್ಪ, ನಾನು ಬರೆದುಕೊಟ್ಟ ಕಾಗದವನ್ನು ಊರ ಮುಂದಿನ ಅಂಚೆಡಬ್ಬಕ್ಕೆ ಹಾಕುತ್ತಿದ್ದರು. ಹಾಕಿದ ಮೇಲೆ ಡಬ್ಬವನ್ನು ಎರಡು ಸಲ ಅಂಗೈಯಿಂದ ತಟ್ಟಿ, ಬಗ್ಗಿ ಕಿವಿಗೊಡುತ್ತಿದ್ದರು. ಕಾಗದ ಕೆಳಗೆ ಬಿತ್ತೋ ಇಲ್ಲವೋ ಎಂಬ ಅನುಮಾನ. ನನ್ನ ಜೊತೆಯ ಹುಡುಗರು ನಗುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು. ‘ಹಾಕಿದ ಮೇಲೆ ಬೀಳದೆ ಇರ್ತದಾ ಅಪ್ಪ?’ ಎಂದು ಒಮ್ಮೆ ಗದರಿಸಿಯೂ ಇದ್ದೆ.

ಈಗ ಗದರಿಸುವುದಿಲ್ಲ. ಈ ಪ್ರಬಂಧವನ್ನು ಸಂಪಾದಕರ ಮೇಜಿನ ಮೇಲಿಟ್ಟು ಬರುವಾಗ, ಹಾಳೆಗಳ ಬರೆದ ಮುಖ ಮೇಲಿದೆಯೇ ಎಂದು ಎರಡು ಸಲ ನೋಡಿಯೇ ಬರುತ್ತೇನೆ.